ಕಾನಿನ ಹೆಸರಿಲ್ಲದ ಮರ: ‘ಹೊಸ ಪ್ರಭೇದ’ ಎನ್ನುವ ಮುಂಚೆ

ಪ್ರಶ್ನೆ: ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಹಳ್ಳಿ. ತೋಟದ ಹಿಂದಿನ ಕಾನಿನಲ್ಲಿ, ಬೇಸಿಗೆಯಲ್ಲೂ ನೀರು ಆರದ ಹಳ್ಳದ ಬದಿಗೆ ಒಂದೇ ಬಗೆಯ ಮೂರು ದೊಡ್ಡ ಮರಗಳಿವೆ. ಎಲೆ ಮೊಳದುದ್ದ. ಚಿವುಟಿದರೆ ಸೊನೆ ಬಂದು ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಹಿರಿಯರು ‘ಅದೊಂದು ಜಾತಿ ಗೇರು’ ಎನ್ನುತ್ತಾರೆ, ಬೇರೆ ಹೆಸರು ಯಾರಿಗೂ ಗೊತ್ತಿಲ್ಲ. ಮೊಬೈಲ್ ಆ್ಯಪ್ ಮೂರು ಫೋಟೊಗಳಿಗೆ ಮೂರು ಹೆಸರು ಹೇಳಿತು. ಇದು ವಿಜ್ಞಾನಕ್ಕೆ ಗೊತ್ತಿಲ್ಲದ ಮರ ಇರಬಹುದೇ? ಇದ್ದರೆ ಅದನ್ನು ಖಚಿತ ಮಾಡಿಕೊಳ್ಳುವುದು, ಹೆಸರಿಡುವುದು ಹೇಗೆ?

ಉತ್ತರ: ಇರಬಹುದು. ನೀವು ಹೇಳುವಂಥದೇ ಜಾಗದಿಂದ, ನೀವು ಹೇಳುವಂಥದೇ ಸೊನೆಯ ಮರವೊಂದು ಹೊಸ ಪ್ರಭೇದವೆಂದು ಹೆಸರು ಪಡೆದದ್ದು ತೀರಾ ಹಳೆಯ ಸುದ್ದಿಯಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜಡ್ಡಿಯಿದೆ. ನೀರು ನಿಂತ ಆ ನೆಲದಲ್ಲಿ ಬೆಳೆಯುವ, ಗೇರಿನ ಬಳಗದ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಸಿ ಪ್ರಕಟಿಸಿದರು. ಅದೇನೂ ಯಾರೂ ಕಾಲಿಡದ ದುರ್ಗಮ ಕಾಡಲ್ಲ. ಸುತ್ತ ಊರುಗಳಿವೆ, ತೋಟಗಳಿವೆ. ಹಗಲಲ್ಲೂ ಬೆಳಕು ಇಳಿಯದ ಕಾನು ಎಂದು ಊರವರು ಇಟ್ಟ ಕನ್ನಡದ ಹೆಸರು ಹೀಗೆ ಲ್ಯಾಟಿನ್ ಬಾಲ ಕಟ್ಟಿಕೊಂಡು ಜಗತ್ತಿನ ಸಸ್ಯಪಟ್ಟಿ ಸೇರಿತು.

ಹಾಗಾಗಿ ನಿಮ್ಮ ಮರಕ್ಕೆ ಮೂರು ದಾರಿಗಳಿವೆ. ಅದು ಎಲ್ಲರಿಗೂ ಗೊತ್ತಿರುವ ಹೊಳಗೇರು ಇರಬಹುದು. ಕತ್ತಲೆಕಾನಿನ ಆ ಅಪರೂಪದ ಗೇರೇ ಇನ್ನೊಂದು ಜಾಗದಲ್ಲಿ ಸಿಕ್ಕಿರಬಹುದು. ಇಲ್ಲವೇ ಎರಡೂ ಅಲ್ಲದ ಹೊಸದಿರಬಹುದು. ಮೂರನೆಯದು ಎಲ್ಲಕ್ಕಿಂತ ಕಡಿಮೆ ಸಾಧ್ಯತೆಯದು. ಆದರೆ ಎರಡನೆಯದು ನಿಜವಾದರೆ ಅದೂ ಸಣ್ಣ ಸಂಗತಿಯಲ್ಲ. ಕೇರಳದ ದಕ್ಷಿಣ ತುದಿಯ ಕಾಡುಗಳಲ್ಲಿ ಮಾತ್ರ ಇವೆ ಎಂದು ನಂಬಿದ್ದ ‘ಮಧುಕಾ ಬೌರ್ಡಿಲೋನಿ’ ಮತ್ತು ‘ಸಿಜೀಜಿಯಂ ಟ್ರಾವನ್ಕೊರಿಕಂ’ ಎಂಬ ಎರಡು ಅಪರೂಪದ ಮರಗಳು ಇದೇ ಉತ್ತರ ಕನ್ನಡದಲ್ಲಿ ಸಿಕ್ಕಿವೆ. ಹೊಸ ಹೆಸರಿಡುವುದಕ್ಕಿಂತ ಇಂಥ ಪತ್ತೆ ಒಂದು ಮರದ ಉಳಿವಿಗೆ ಹೆಚ್ಚು ಉಪಯೋಗಕ್ಕೆ ಬರುವುದುಂಟು.

ಮೊದಲ ಪರೀಕ್ಷೆಯನ್ನು ನೀವು ಈಗಲೇ ಮಾಡಬಹುದು. ಚಿಗುರಿನ ಹತ್ತಿರದ ಎಳೆ ಎಲೆಯ ತೊಟ್ಟನ್ನು ನೋಡಿ. ಹೊಳಗೇರಿನ ಕುಲದಲ್ಲಿ ತೊಟ್ಟಿನ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಮುಳ್ಳಿನಂಥ, ಮೆತ್ತಗಿನ ಕಡ್ಡಿ ಇರುತ್ತದೆ. ಎಲೆ ಬಲಿತಂತೆ ಅದು ಉದುರಿಹೋಗಿ ಎರಡು ಚುಕ್ಕೆಯ ಕಲೆ ಮಾತ್ರ ಉಳಿಯುತ್ತದೆ. ಬಲಿತ ಎಲೆಯಲ್ಲಿ ಹುಡುಕಿ ‘ಇಲ್ಲ’ ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇಟ್ಟುಕೊಳ್ಳಿ. ಸೆಮಿಕಾರ್ಪಸ್ ಕುಲಕ್ಕೆ ಈ ಕಡ್ಡಿಗಳಿಲ್ಲ. ಕಾಯಿ ಸಿಕ್ಕರೆ ಇನ್ನೂ ಸುಲಭ. ಸೆಮಿಕಾರ್ಪಸ್ ಕಾಯಿ ಗೇರುಹಣ್ಣಿನ ಹಾಗೆ ಉಬ್ಬಿದ ರಸಭರಿತ ಪೀಠದ ಮೇಲೆ ಕೂತಿರುತ್ತದೆ. ಹೊಳಗೇರಿನಲ್ಲಿ ಅಂಡಾಶಯ ಹೂವಿನ ಬಟ್ಟಲೊಳಗೇ ಹುದುಗಿರುವುದರಿಂದ ಕಾಯಿಗೆ ಅಂಥ ಬೇರೆ ಪೀಠ ಕಾಣುವುದಿಲ್ಲ.

ಈ ಬಳಗದ ಸೊನೆಯ ವಿಷಯದಲ್ಲಿ ಧೈರ್ಯ ಬೇಡ. ಚರ್ಮಕ್ಕೆ ತಾಗಿದರೆ ಒಂದೆರಡು ದಿನ ಬಿಟ್ಟು ಬೊಕ್ಕೆ ಏಳುತ್ತದೆ, ಕೆಲವರಿಗೆ ಮುಖ ಊದಿಕೊಳ್ಳುತ್ತದೆ. ನೈಟ್ರೈಲ್ ಕೈಗವಸು ಹಾಕಿ, ತುಂಬುತೋಳಿನ ಅಂಗಿ ತೊಡಿ, ತಾಗಿದ ತಕ್ಷಣ ಸೋಪು ಹಾಕಿ ತೊಳೆಯಿರಿ, ಕಣ್ಣು ಮುಟ್ಟಬೇಡಿ. ಕಡಿದ ರೆಂಬೆಯನ್ನು ಸುಡಬೇಡಿ. ಹೊಗೆಯೂ ತೊಂದರೆ ಮಾಡುತ್ತದೆ. ಒಣಗಿಸಿದ ಮಾದರಿಯೂ ಪೂರ್ತಿ ನಿರಪಾಯಕಾರಿಯಲ್ಲವಾದ್ದರಿಂದ ಕಾಗದದ ಮೇಲೆ ‘ಸೊನೆ ಸುಡುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಆ್ಯಪ್ ಮೂರು ಹೆಸರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ತನ್ನ ಬಳಿ ಇರುವ ಫೋಟೊಗಳಿಗೆ ಹೋಲಿಸುತ್ತದೆ. ಮಳೆಕಾಡಿನ ನೂರಾರು ಮರಗಳ ಎಲೆ ಒಂದೇ ಅಚ್ಚಿನವು: ಅಂಚು ಸಾಪಾಟ, ಮೈ ದಪ್ಪ, ಮಳೆನೀರು ಜಾರಿ ಹೋಗಲು ಚೂಪು ತುದಿ. ರಾಮಪತ್ರೆ, ದಾಲ್ಚಿನ್ನಿ, ನೇರಳೆ, ಗೇರು, ಎಲ್ಲ ಬೇರೆ ಬೇರೆ ಕುಟುಂಬದವಾದರೂ ದೂರದಿಂದ ಎಲೆ ಒಂದೇ ತೆರ. ಅದೇ ಮರದ ನೆರಳಿನ ಎಲೆ ಬಿಸಿಲಿನ ಎಲೆಯ ಎರಡರಷ್ಟು ಇರಬಹುದು, ಬುಡದ ಚಿಗುರಿನದು ಮೂರರಷ್ಟು. ಮರವನ್ನು ಗುರುತಿಸಿಕೊಡುವುದು ಹೂ ಮತ್ತು ಕಾಯಿ, ಅದರಲ್ಲೂ ಕೊಯ್ದು ನೋಡಿದ ಹೂವಿನ ಒಳಗು.

ಹೊಸ ಮರಗಳು ಇನ್ನೂ ಎಷ್ಟಿವೆ? 2022ರಲ್ಲಿ ಬಂದ ಒಂದು ದೊಡ್ಡ ಜಾಗತಿಕ ಅಂದಾಜಿನಂತೆ ಭೂಮಿಯ ಮೇಲೆ ಸುಮಾರು 73,000 ಜಾತಿಯ ಮರಗಳಿವೆ. ಅದರಲ್ಲಿ ಸುಮಾರು 9,200ಕ್ಕೆ ಇನ್ನೂ ಹೆಸರಿಲ್ಲ, ಹೆಚ್ಚಿನವು ಉಷ್ಣವಲಯದವು. ಅವೆಲ್ಲ ಕುರುಚಲು ಗಿಡಗಳೂ ಅಲ್ಲ. ಬ್ರೆಜಿಲ್‌ನ ಎಸ್ಪಿರಿಟೊ ಸ್ಯಾಂಟೊ ರಾಜ್ಯದ ಅಟ್ಲಾಂಟಿಕ್ ಮಳೆಕಾಡಿನಿಂದ 2017ರಲ್ಲಿ ವಿವರಿಸಿದ ‘ಡಿನಿಜಿಯಾ ಜುಎರಾನಾ-ಫಕಾವೊ’ 40 ಮೀಟರ್ ಎತ್ತರ ಏರುವ, ಅಂದಾಜು 62 ಟನ್ ತೂಗುವ ಮರ. ಅದರ ಕಟ್ಟಿಗೆಯಂಥ ಕಾಯಿ ಅರ್ಧ ಮೀಟರ್‌ಗೆ ಸಮೀಪ. ಆ ಕುಲದಲ್ಲಿ 1922ರಿಂದ ಇದ್ದದ್ದು ಅಮೆಜಾನಿನ ಒಂದೇ ಪ್ರಭೇದ. ಎರಡನೆಯದನ್ನು ಬೇರೆ ಎಂದು ಗುರುತಿಸಲು 95 ವರ್ಷ ಬೇಕಾಯಿತು. ಮರ ದೊಡ್ಡದಾದಷ್ಟೂ ಅದರ ಹೂ ಕೈಗೆಟುಕುವುದಿಲ್ಲ, ಹೂ ಕೈಗೆ ಬರದ ಮರ ಅಪರಿಚಿತವಾಗಿಯೇ ಉಳಿಯುತ್ತದೆ.

ಪೆರುವಿನ ಮನು ರಾಷ್ಟ್ರೀಯ ಉದ್ಯಾನದ ಇನ್ನೊಂದು ಮರದ ಕತೆ ಬೇರೆ. 1973ರಲ್ಲಿ ಸಸ್ಯವಿಜ್ಞಾನಿ ರಾಬಿನ್ ಫಾಸ್ಟರ್ ಅದರ ಮಾದರಿ ತಂದರು. ಪುಟ್ಟ ಆಕಾಶಬುಟ್ಟಿಯಂಥ ಕಿತ್ತಳೆ ಬಣ್ಣದ ಕಾಯಿಯಿದ್ದರೂ ಅದು ಯಾವ ಕುಟುಂಬಕ್ಕೆ ಸೇರಿದ್ದೆಂದೇ ಯಾರಿಗೂ ಹೇಳಲಾಗಲಿಲ್ಲ. ಹೊಸದಾಗಿ ತಂದ ಎಲೆಯಿಂದ ಡಿಎನ್‌ಎ ಓದಿದ ಮೇಲೆ 2021ರಲ್ಲಿ ‘ಎನಿಗ್ಮಾನು’ ಎಂಬ ಹೊಸ ಕುಲವಾಯಿತು. 48 ವರ್ಷ ಅದು ಕಾದಿದ್ದು ಕಾಡಿನಲ್ಲಲ್ಲ, ಬೀರುವಿನಲ್ಲಿ. ಇದು ಅಪವಾದವೂ ಅಲ್ಲ. 2010ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ಮಾದರಿ ಸಂಗ್ರಹಿಸಿದ ಐದು ವರ್ಷದೊಳಗೆ ಹೆಸರು ಪಡೆದ ಹೊಸ ಸಸ್ಯಗಳು ಕೇವಲ 16 ಶೇಕಡ; ಸುಮಾರು ಕಾಲು ಭಾಗದ ವಿವರಣೆಗಳಲ್ಲಿ 50 ವರ್ಷಕ್ಕೂ ಹಳೆಯ ಮಾದರಿಗಳಿದ್ದವು. ನಿಮ್ಮ ಮರದ ಅರ್ಧ ಉತ್ತರ ಆಗಲೇ ಯಾವುದೋ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಮಾದರಿಗಳ ಭಂಡಾರದಲ್ಲಿ) ‘ಗುರುತಿಸಿಲ್ಲ’ ಎಂಬ ಚೀಟಿ ಹೊತ್ತು ಮಲಗಿರಬಹುದು. ಕಾಡು ಅಲೆಯುವಷ್ಟೇ ದಿನ ಅಲ್ಲೂ ಕೂರಬೇಕಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ರೆಂಬೆ ಮುರಿಯುವ ಮೊದಲು ಅನುಮತಿ. ಕಾನು ಮೀಸಲು ಅರಣ್ಯದಲ್ಲಿದ್ದರೆ ಎಲೆ ತಂದರೂ ಅದು ಅರಣ್ಯ ಕಾಯ್ದೆಯ ಕೆಳಗೆ ಬರುತ್ತದೆ. ಅಭಯಾರಣ್ಯವಾದರೆ ಇನ್ನೂ ಬಿಗಿ. ಒಬ್ಬರೇ ಅರ್ಜಿ ಹಾಕುವುದಕ್ಕಿಂತ ಕಾಲೇಜಿನ ಸಸ್ಯಶಾಸ್ತ್ರ ವಿಭಾಗ ಅಥವಾ ಶಿರಸಿಯ ಅರಣ್ಯ ಕಾಲೇಜಿನಂಥ ಸಂಸ್ಥೆಯ ಮೂಲಕ ಹಾಕಿ. ನಿಮ್ಮ ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಯಾರೇ ಹೊಸ ಪ್ರಭೇದ ಕಂಡುಹಿಡಿದರೂ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಲೇಬೇಕು. ಸಸ್ಯಗಳಿಗೆ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ಅಂಥದೊಂದು ಭಂಡಾರ. ಅನುಮತಿಯಿಲ್ಲದೆ ತಂದ ಮಾದರಿ ಎಷ್ಟೇ ಚೆನ್ನಾಗಿರಲಿ, ಪ್ರಕಟಣೆಯ ಹೊತ್ತಿಗೆ ಅದು ಕುತ್ತಿಗೆಗೆ ಬರುತ್ತದೆ.

ಮರಗಳಿಗೆ ಒಂದು, ಎರಡು, ಮೂರು ಎಂದು ಗುರುತಿನ ಪಟ್ಟಿ ಕಟ್ಟಿ. ಮೊಳೆ ಹೊಡೆಯಬೇಡಿ. ಹದಿನೈದು ದಿನಕ್ಕೊಮ್ಮೆ ಹೋಗಿ ಚಿಗುರು, ಮೊಗ್ಗು, ಹೂ, ಕಾಯಿ ಏನಿದೆ ಎಂದು ಬರೆಯಿರಿ. ಒಂದು ಪೂರ್ತಿ ವರ್ಷ ಇದು ಬೇಕು. ಸೆಮಿಕಾರ್ಪಸ್ ಕುಲದಲ್ಲಿ ಸಾಮಾನ್ಯವಾಗಿ ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ. ಗಂಡು ಮರ ಒಂದನ್ನೇ ನೋಡಿದವರಿಗೆ ಕಾಯಿ ಎಂದೂ ಸಿಗದು. ಹೆಣ್ಣನ್ನಷ್ಟೇ ನೋಡಿದವರ ವಿವರಣೆಯಲ್ಲಿ ಕೇಸರಗಳ ಲೆಕ್ಕ ಇರುವುದಿಲ್ಲ. ನಿಮ್ಮಲ್ಲಿರುವುದು ಮೂರೇ ಮರ. ಮೂರೂ ಒಂದೇ ಲಿಂಗದವಾದರೆ ಹಳ್ಳದ ಮೇಲಕ್ಕೂ ಕೆಳಕ್ಕೂ ಹುಡುಕಬೇಕು.

ಹೂವಿನ ರೆಂಬೆ ಇಳಿಸುವುದು ಮಳೆಕಾಡಿನಲ್ಲಿ ಅತ್ಯಂತ ಕಷ್ಟದ ಭಾಗ. ಹೊರದೇಶದಲ್ಲಿ ದೊಡ್ಡ ಕವಣೆಯಿಂದ ದಾರ ಹಾರಿಸಿ ಹಗ್ಗ ಏರಿಸುತ್ತಾರೆ, ಇಲ್ಲವೇ ಕಂಬಗತ್ತರಿ ಬಳಸುತ್ತಾರೆ. ನಿಮ್ಮೂರಲ್ಲಿ ಅದಕ್ಕಿಂತ ಒಳ್ಳೆಯ ಸಾಧನ ಆಗಲೇ ಇದೆ: ಅಡಿಕೆಗೆ ಔಷಧ ಹೊಡೆಯಲು, ಕೊನೆ ಇಳಿಸಲು ತಂದ ಕಾರ್ಬನ್ ಫೈಬರ್ ದೋಟಿ. ಅದರ ತುದಿಗೆ ಕತ್ತಿಯ ಕೊಕ್ಕೆ ಸಿಕ್ಕಿಸಿದರೆ 15–20 ಮೀಟರ್ ಎತ್ತರದ ರೆಂಬೆ ಕೈಗೆ ಬರುತ್ತದೆ. ವಿದ್ಯುತ್ ತಂತಿ ಹತ್ತಿರ ಇದ್ದರೆ ಈ ದೋಟಿ ಮುಟ್ಟಲೇಬೇಡಿ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅದಕ್ಕೂ ಮೇಲೆ ಹತ್ತಬೇಕೆಂದರೆ ಅಡಿಕೆ ಮರ ಹತ್ತುವ ಕೊನೆಗೌಡರನ್ನು ಹಾಗೆಯೇ ಕಳಿಸಬೇಡಿ. ಅಡಿಕೆ ಮರ ತೋಳಿನ ಅಳತೆಗೆ ಸಿಗುತ್ತದೆ, ಕಾಡುಮರದ ಬೊಡ್ಡೆ ಸಿಗದು. ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ ಇರುವವರೇ ಹತ್ತಬೇಕು, ಅದೂ ಸುಡುವ ಸೊನೆಯ ಮರಕ್ಕೆ.

ಕೆಳಗೆ ಬಿದ್ದ ಹೂ, ಕಾಯಿ ಆರಿಸಿ ‘ಇದೇ ಮರದ್ದು’ ಎಂದು ಒಟ್ಟಿಗಿಡುವುದು ಬಹಳ ಸಾಮಾನ್ಯವಾದ, ಬಹಳ ದುಬಾರಿಯಾದ ತಪ್ಪು. ಪಕ್ಕದ ಮರದ ಕಾಯಿ ಇಳಿಜಾರಿನಲ್ಲಿ ಉರುಳಿ ಬಂದಿರುತ್ತದೆ, ಮಂಗಟ್ಟೆ ಹಕ್ಕಿ ತಂದು ಬೀಳಿಸಿರುತ್ತದೆ. ತುದಿಯಲ್ಲಿ ಬಂದಳಿಕೆ ಬೆಳೆದಿದ್ದರೆ ದೋಟಿಗೆ ಸಿಕ್ಕಿ ಇಳಿಯುವುದು ಬಂದಳಿಕೆಯ ಹೂವೇ. ಒಂದು ಮರದ ಎಲೆ, ಇನ್ನೊಂದರ ಕಾಯಿ ಸೇರಿದ ಮಾದರಿಯ ಮೇಲೆ ಹೆಸರಿಟ್ಟರೆ, ಇಲ್ಲದ ಮರವೊಂದು ಪಟ್ಟಿಗೆ ಸೇರಿ ಮುಂದಿನ ತಲೆಮಾರಿನವರು ಅದನ್ನು ಬಿಡಿಸಬೇಕಾಗುತ್ತದೆ. ರೆಂಬೆಗೆ ಅಂಟಿಕೊಂಡಿದ್ದದ್ದೇ ಆ ಮರದ್ದು. ಬಿದ್ದದ್ದನ್ನು ತಂದರೂ ಬೇರೆ ಪೊಟ್ಟಣದಲ್ಲಿ ‘ನೆಲದಿಂದ ಆರಿಸಿದ್ದು’ ಎಂದು ಬರೆದಿಡಿ. ಬೊಡ್ಡೆಯ ಮೇಲೇ ಹೂ ಬಿಡುವ ಮರಗಳಲ್ಲಿ ತೊಗಟೆಯ ಒಂದು ಚೂರಿನೊಂದಿಗೆ ಹೂ ತೆಗೆಯಬೇಕು.

ಒಂದು ಮರದಿಂದ ಒಂದಡಿ ಉದ್ದದ ಐದಾರು ತುಂಡು ಸಾಕು. ಎಲ್ಲಕ್ಕೂ ಒಂದೇ ಸಂಗ್ರಹ ಸಂಖ್ಯೆ. ಎರಡನೆಯ ಮರಕ್ಕೆ, ಅದೇ ಮರವಾದರೂ ಬೇರೆ ದಿನಕ್ಕೆ, ಬೇರೆ ಸಂಖ್ಯೆ. ಕಾಯಿ ಮೂರು ನಾಲ್ಕಕ್ಕಿಂತ ಹೆಚ್ಚು ಕೀಳಬೇಡಿ, ಉಳಿದದ್ದು ಸಸಿಯಾಗಲಿ. ಪುಸ್ತಕದಲ್ಲಿ ಬರೆಯಬೇಕಾದದ್ದು ಒಣಗಿದ ಮೇಲೆ ಕಾಣದೆ ಹೋಗುವ ಸಂಗತಿ: ಮರದ ಎತ್ತರ, ಎದೆಮಟ್ಟದ ಸುತ್ತಳತೆ (ನಮ್ಮ ಅರಣ್ಯ ಇಲಾಖೆಯ ಲೆಕ್ಕದಲ್ಲಿ ನೆಲದಿಂದ 1.37 ಮೀಟರ್, ಹಲಗೆಬೇರು ಇದ್ದರೆ ಅದರ ಮೇಲಕ್ಕೆ), ತೊಗಟೆ ಹಪ್ಪಳೆಯಾಗಿ ಏಳುತ್ತದೋ ನುಣುಪೋ, ಸಣ್ಣದಾಗಿ ಕೆತ್ತಿದರೆ ಒಳತೊಗಟೆಯ ಬಣ್ಣ, ಸೊನೆ ಬಂದಾಗಿನ ಬಣ್ಣ ಮತ್ತು ಎಷ್ಟು ನಿಮಿಷಕ್ಕೆ ಕಪ್ಪಾಯಿತು, ಹೂವಿನ ಬಣ್ಣ, ವಾಸನೆ, ಬರುವ ಕೀಟ. ಜಿಪಿಎಸ್ ಅಂಕಿ, ಸಮುದ್ರಮಟ್ಟದಿಂದ ಎತ್ತರ, ನೆಲ ಜೌಗೋ ಒಣವೋ, ಪಕ್ಕದಲ್ಲಿ ಯಾವ ಮರಗಳಿವೆ, ಊರವರು ಕರೆಯುವ ಹೆಸರು. ಈ ಕೊನೆಯದನ್ನು ಬಿಡಬೇಡಿ. ‘ಅದೊಂದು ಜಾತಿ ಗೇರು’ ಎಂಬ ನಿಮ್ಮ ಹಿರಿಯರ ಮಾತು ಕುಟುಂಬವನ್ನು ಸರಿಯಾಗಿಯೇ ಹಿಡಿದಿದೆ. ಆ್ಯಪ್ ಅಷ್ಟನ್ನೂ ಹಿಡಿಯಲಿಲ್ಲ.

ಡಿಎನ್‌ಎಗಾಗಿ ರೋಗವಿಲ್ಲದ ಎಳೆ ಎಲೆಯ ಅಂಗೈಯ ಕಾಲು ಭಾಗದಷ್ಟು ಚೂರನ್ನು ಟೀ ಸೋಸುವ ಕಾಗದದ ಚೀಲದಲ್ಲಿಟ್ಟು, ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ತುಂಬಿದ ಜಿಪ್ ಚೀಲದಲ್ಲಿ ಹಾಕಿ. ಒಂದು ದಿನದಲ್ಲಿ ಅದು ಮುರಿದರೆ ಪಟ್ಟನೆ ಒಡೆಯುವಷ್ಟು ಒಣಗಬೇಕು. ಜೆಲ್ ಬಣ್ಣ ಬದಲಾಗಿದ್ದರೆ ಹೊಸದು ಹಾಕಿ. ಹೂ, ಮೊಗ್ಗು, ಎಳೆಗಾಯಿ ಕೆಲವನ್ನು 70 ಶೇಕಡ ಆಲ್ಕೊಹಾಲ್‌ನಲ್ಲಿ ಮುಳುಗಿಸಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೊಹಾಲ್‌ನಲ್ಲಿ ಕರಗಿಹೋಗುತ್ತದೆ, ಹೊರಗಿನ ಚೀಟಿ ಕಿತ್ತುಹೋಗುತ್ತದೆ.

ಉಳಿದದ್ದನ್ನು ಅದೇ ದಿನ ಹಳೆಯ ಪತ್ರಿಕೆಯ ಮಡಿಕೆಯಲ್ಲಿ ಹರಡಿ, ಎರಡು ಹಲಗೆಗಳ ನಡುವೆ ಪಟ್ಟಿ ಬಿಗಿದು ಒತ್ತಬೇಕು. ಹರ್ಬೇರಿಯಂ ಹಾಳೆ ಸುಮಾರು 42 × 28 ಸೆಂಟಿಮೀಟರ್. ನಿಮ್ಮ ಮೊಳದುದ್ದದ ಎಲೆ ಅದರಲ್ಲಿ ಹಿಡಿಯುವುದಿಲ್ಲ. ಕತ್ತರಿಸಬೇಡಿ, ನಡುವೆ ಮಡಚಿ. ಬುಡ ಮತ್ತು ತುದಿ ಎರಡೂ ಕಾಣಬೇಕು, ಒಂದಾದರೂ ಎಲೆಯ ಕೆಳಮೈ ಮೇಲಕ್ಕಿರಬೇಕು. ನರ, ರೋಮ, ಗ್ರಂಥಿ ಕಾಣುವುದು ಅಲ್ಲಿಯೇ. ತೊಟ್ಟು ರೆಂಬೆಗೆ ಕೂಡುವ ಗಂಟು ಮುರಿಯಬಾರದು. ಸಂಯುಕ್ತ ಎಲೆಯ ಮರವಾದರೆ ಇಡೀ ಎಲೆ ಬೇಕು. ಒಂದು ಕಿರುಎಲೆಯನ್ನೇ ಪೂರ್ತಿ ಎಲೆ ಎಂದುಕೊಂಡು ತಂದ ಮಾದರಿ ಕುಟುಂಬವನ್ನೇ ದಾರಿ ತಪ್ಪಿಸುತ್ತದೆ.

ಮಲೆನಾಡಿನಲ್ಲಿ ಮಾದರಿ ಹಾಳಾಗುವುದು ಹೆಚ್ಚಾಗಿ ಇದಾದ ಮೇಲೆ, ಒಣಗಿಸುವಾಗ. ದಪ್ಪ ಎಲೆ ಕಿತ್ತ ಮೇಲೂ ಎಷ್ಟೋ ದಿನ ಜೀವ ಹಿಡಿದಿರುತ್ತದೆ. ನಿಧಾನ ಒಣಗಿಸಿದರೆ ರೆಂಬೆ ತಾನಾಗಿಯೇ ಎಲೆ ಕಳಚುತ್ತದೆ, ಪತ್ರಿಕೆ ಬಿಚ್ಚಿದಾಗ ಬರಲು ಕಡ್ಡಿ ಒಂದು ಕಡೆ, ಎಲೆಗಳು ಒಂದು ಕಡೆ. ಜೊತೆಗೆ ಬೂಷ್ಟು. ಮೊದಲ ಮೂರು ದಿನ ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ, ಪ್ರತಿ ಸಲವೂ ಪಟ್ಟಿಯನ್ನು ಮತ್ತಷ್ಟು ಬಿಗಿಯಿರಿ. ನಾಲ್ಕಾರು ಮಾದರಿಗೊಂದು ಸುಕ್ಕುರಟ್ಟು ಸೇರಿಸಿ, ರಟ್ಟಿನ ತೂತುಗಳ ಮೂಲಕ ಬಿಸಿಗಾಳಿ ಹರಿಯುವಂತೆ 45ರಿಂದ 60 ಡಿಗ್ರಿ ಶಾಖ ಕೊಡಿ. ಅಡಿಕೆ ಅಥವಾ ಏಲಕ್ಕಿಯ ಡ್ರೈಯರ್ ಇದ್ದರೆ ಅದೇ ಸಾಕು, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬಚ್ಚಲ ಒಲೆಯ ಅಟ್ಟದಲ್ಲಿಟ್ಟರೆ ಒಣಗುತ್ತದೆ, ಆದರೆ ಹೊಗೆ ಕುಡಿದು ಎಲೆಯ ಬಣ್ಣ ಸುಳ್ಳಾಗುತ್ತದೆ. ಒಣಗಿದ ಎಲೆ ಕಂದೋ, ಕಪ್ಪೋ, ಹಸಿರೋ ಎನ್ನುವುದೂ ಕೆಲವು ಕುಲಗಳಲ್ಲಿ ಗುರುತಿನ ಲಕ್ಷಣವಾದ್ದರಿಂದ ಅದು ಮುಖ್ಯ. ಕರೆಂಟಿಲ್ಲದ ಕಾಡಿನಲ್ಲಿ ಒಂದು ವಾರ ಇರಬೇಕಾದರೆ, ಪತ್ರಿಕೆಯ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪತ್ರಿಕೆ ತೊಯ್ಯುವಷ್ಟು 60–70 ಶೇಕಡ ಆಲ್ಕೊಹಾಲ್ ಸುರಿದು ಬಾಯಿ ಕಟ್ಟಿ. ಊರಿಗೆ ಬಂದು ಒಣಗಿಸಿದರಾಯಿತು. ಹೂವಿನ ಬಣ್ಣ ಹೋಗುತ್ತದೆ, ಡಿಎನ್‌ಎ ಕೆಡುತ್ತದೆ. ಆ ಎರಡನ್ನೂ ಮೊದಲೇ ಬೇರೆ ತೆಗೆದಿಟ್ಟಿರಬೇಕು. ಹುಳ ಬೀಳದಂತೆ ಹಿಂದೆ ಪಾದರಸದ ಕ್ಲೋರೈಡ್ ಸವರುತ್ತಿದ್ದರು, ಅದು ಕೈಹಾಕಿದವರಿಗೇ ವಿಷ. ಈಗ ಒಣ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಸಾಕು.

ಇನ್ನು ಹೋಲಿಕೆ. ಹೊಸದು ಎಂದು ಹೇಳುವುದೆಂದರೆ ‘ಹಳೆಯದು ಯಾವುದೂ ಅಲ್ಲ’ ಎಂದು ತೋರಿಸುವುದು, ಅದಕ್ಕೆ ಹಳೆಯದೆಲ್ಲವನ್ನೂ ನೋಡಿರಬೇಕು. ಉತ್ತರ ಕನ್ನಡದವರು ಇಲ್ಲಿ ಒಂದು ವಿಚಿತ್ರ ತೊಡಕಿಗೆ ಸಿಗುತ್ತಾರೆ. 1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ಮದ್ರಾಸ್ ಪ್ರಾಂತ್ಯದ ಗಿಡಗಳನ್ನು ವಿವರಿಸುವ ಗ್ಯಾಂಬಲ್ ಫ್ಲೋರಾದಲ್ಲಿ (1915–1936) ದಕ್ಷಿಣ ಕನ್ನಡ ಇದೆ, ಉತ್ತರ ಕನ್ನಡದ ಗಿಡಗಳಿಗೆ ಕುಕ್ ಬರೆದ ಮುಂಬಯಿ ಪ್ರಾಂತ್ಯದ ಫ್ಲೋರಾ (1901–1908) ನೋಡಬೇಕು. ಒಂದನ್ನೇ ನೋಡಿ ‘ಪುಸ್ತಕದಲ್ಲಿಲ್ಲ’ ಎಂದವರು ಅರ್ಧ ಘಟ್ಟವನ್ನೇ ಬಿಟ್ಟಿರುತ್ತಾರೆ. ಇವುಗಳ ಜೊತೆಗೆ ಹೂಕರ್‌ನ ಬ್ರಿಟಿಷ್ ಇಂಡಿಯಾ ಫ್ಲೋರಾದ ಏಳು ಸಂಪುಟ, ಸಾಲ್ಡಾನಾ ಅವರ ಕರ್ನಾಟಕದ ಫ್ಲೋರಾ, ಹೂವಿಲ್ಲದಿದ್ದಾಗ ಎಲೆಯಿಂದಲೇ ಗುರುತಿಸಲು ಪಾಸ್ಕಲ್ ಮತ್ತು ರಮೇಶ್ ಮಾಡಿಕೊಟ್ಟ ಘಟ್ಟದ ನಿತ್ಯಹರಿದ್ವರ್ಣ ಮರಗಳ ಕೈಪಿಡಿ. ಹಳೆಯ ಪುಸ್ತಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ. ರಾಜ್ಯದ ಗಡಿಗೆ ನಿಲ್ಲಬೇಡಿ: ಕೇರಳ, ಗೋವಾ, ಶ್ರೀಲಂಕಾ, ಕೆಲವೊಮ್ಮೆ ಮಲಯವನ್ನೂ ನೋಡಬೇಕು. ತೋಟದ ನೆರಳಿಗೆಂದು ಆಸ್ಟ್ರೇಲಿಯಾದಿಂದ ಸಿಲ್ವರ್ ಓಕ್ ಬಂದ ಹಾಗೆ ಎಲ್ಲಿಂದಲೋ ತಂದ ಮರ ಕಾನಿಗೆ ಹೊಕ್ಕಿರಲೂಬಹುದು.

ಪುಸ್ತಕದ ವಿವರಣೆಯಿಂದ ಹತ್ತಿರದ ಎರಡು ಮೂರು ಪ್ರಭೇದ ಉಳಿಯುತ್ತವೆ. ಆಮೇಲೆ ಅವುಗಳ ಮೂಲ ಮಾದರಿಯನ್ನೇ ನೋಡಬೇಕು. ಪ್ರತಿ ಹೆಸರಿಗೂ ಒಂದು ಹಾಳೆ ಗೂಟದಂತೆ ಇದೆ, ಅದೇ ಟೈಪ್. ಮೊದಲು ಹೆಸರಿಟ್ಟವರು ಕೈಯಲ್ಲಿ ಹಿಡಿದಿದ್ದ ಗಿಡ ಅದು. ನಮ್ಮ ಘಟ್ಟದ ಮರಗಳ ಟೈಪ್‌ಗಳು ಲಂಡನ್ನಿನ ಕ್ಯೂ, ಹೌರಾದ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂಗಳಲ್ಲಿ ಹಂಚಿಹೋಗಿವೆ. ಹಲವದರ ಚಿತ್ರ ಈಗ ಜಾಲದಲ್ಲಿ ಸಿಗುತ್ತದೆ. ಕೆಲವು ಹೆಸರಿಗೆ ಗಿಡವೇ ಇಲ್ಲ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂದ ರೀಡನ ‘ಹೊರ್ತುಸ್ ಮಲಬಾರಿಕುಸ್’ನ ಚಿತ್ರವೇ ಟೈಪ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ, ಪುಣೆಯ ಸರ್ವೇಕ್ಷಣ ಕೇಂದ್ರ, ಪುದುಚೇರಿಯ ಫ್ರೆಂಚ್ ಸಂಸ್ಥೆ, ಈ ಮೂರಕ್ಕೂ ಮಾದರಿ ಹಿಡಿದು ಹೋಗಿ ಆ ಕುಲದ ಹಾಳೆಗಳನ್ನೆಲ್ಲ ಒಂದೊಂದಾಗಿ ತಿರುವಿಹಾಕಿ, ಕುಲದ ಕೊನೆಯಲ್ಲಿ ಹೆಸರಿಲ್ಲದೆ ಪೇರಿಸಿಟ್ಟ ಹಾಳೆಗಳನ್ನೂ ಸೇರಿಸಿ.

ಒಣಗಿದ ಹೂವನ್ನು ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಕೆಲವು ನಿಮಿಷ ಕುದಿಸಿದರೆ ಮತ್ತೆ ಮೆತ್ತಗಾಗಿ ಅರಳುತ್ತದೆ. ಡಿಸೆಕ್ಟಿಂಗ್ ಮೈಕ್ರೊಸ್ಕೋಪಿನ ಕೆಳಗೆ ಎರಡು ಸೂಜಿಯಿಂದ ಬಿಡಿಸಿ. ದಳಗಳು ಮೊಗ್ಗಿನಲ್ಲಿ ಒಂದರ ಮೇಲೊಂದು ಹೊದ್ದಿವೆಯೋ ಅಂಚಿಗಂಚು ತಾಗಿವೆಯೋ, ಕೇಸರ ಎಷ್ಟು, ಅಂಡಾಶಯದಲ್ಲಿ ಎಷ್ಟು ಕೋಣೆ, ಶಲಾಕೆ ಒಂದೋ ಮೂರೋ, ರೋಮ ಎಲ್ಲಿ. ಕನಿಷ್ಠ ಹತ್ತು ಹೂ, ಹತ್ತು ಕಾಯಿ, ಇಪ್ಪತ್ತು ಎಲೆ ಅಳೆಯಿರಿ, ಒಂದೇ ಮರದಿಂದಲ್ಲ. ಹತ್ತಿರದ ಪ್ರಭೇದದ ಅಳತೆಯನ್ನು ಪಕ್ಕದ ಕಾಲಂನಲ್ಲಿ ಬರೆಯಿರಿ. ಎಲೆ ಇಲ್ಲಿ 30–45 ಸೆಂಟಿಮೀಟರ್, ಅಲ್ಲಿ 20–35 ಎಂದು ಬಂದರೆ ಅದು ವ್ಯತ್ಯಾಸವೇ ಅಲ್ಲ, ಒಂದರೊಳಗೊಂದು ನುಗ್ಗಿದೆ. ಜೌಗು ನೆಲದ ಮರದ ಎಲೆ ಗಾತ್ರದಲ್ಲಿ ದೊಡ್ಡದಿರುವುದು ನೀರಿನ ಕಾರಣಕ್ಕೂ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡಾದರೂ ಲಕ್ಷಣಗಳಲ್ಲಿ, ನಡುವೆ ಸೇತುವೆಯಿಲ್ಲದ ಕಂದಕ ಬೇಕು. ಅದರಲ್ಲೊಂದು ಹೂವಿನದೋ ಕಾಯಿಯದೋ ಆಗಿರಲಿ. ಎಲೆಯ ಅಳತೆಯೊಂದರ ಮೇಲೆ ಹೆಸರಿಟ್ಟ ಎಷ್ಟೋ ‘ಪ್ರಭೇದ’ಗಳು ಆಮೇಲೆ ಹಳೆಯ ಹೆಸರಿನೊಳಗೆ ಕರಗಿವೆ. ಆ ಅವಸರ ಬೇಡ.

ಡಿಎನ್‌ಎ ಮಾಡಿಸಿದರೆ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಕುಟುಂಬವೇ ತಿಳಿಯದ ಎನಿಗ್ಮಾನುವಿನಂಥ ಮರಕ್ಕೆ ಅದು ಅಮೂಲ್ಯ. ನಿಮ್ಮ ಮರಕ್ಕೆ ಕುಟುಂಬ ಗೊತ್ತಿದೆ. ಮರಗಳಲ್ಲಿ ಸಾಮಾನ್ಯವಾಗಿ ಓದುವ ಕ್ಲೋರೋಪ್ಲಾಸ್ಟ್‌ನ (ಎಲೆಯ ಹಸಿರು ಕಣಗಳ) ಜೀನುಗಳು ಹತ್ತಿರದ ಪ್ರಭೇದಗಳ ನಡುವೆ ಎಷ್ಟೋ ಸಲ ಅಕ್ಷರಶಃ ಒಂದೇ ಇರುತ್ತವೆ. ಜೊತೆಗೆ, ಹೋಲಿಸಬೇಕಾದ ಪ್ರಭೇದದ ದಾಖಲೆಯೇ ಡಿಎನ್‌ಎ ದತ್ತಸಂಗ್ರಹದಲ್ಲಿ ಇರದಿದ್ದರೆ ‘ಯಾವುದಕ್ಕೂ ಹೊಂದಲಿಲ್ಲ’ ಎಂಬ ಉತ್ತರಕ್ಕೆ ಅರ್ಥವಿಲ್ಲ. ಹೂವಿನ ಸಾಕ್ಷ್ಯದ ಜೊತೆಗೆ ಬಂದರೆ ಡಿಎನ್‌ಎಗೆ ಬಲ. ಒಂಟಿಯಾಗಿ ಅದು ತೀರ್ಪಲ್ಲ.

ಎಲ್ಲ ದಾಟಿ ಹೊಸದೇ ಎಂದಾದರೆ ಹೆಸರಿಡುವ ನಿಯಮಗಳಿವೆ, ಅವು ಜಗತ್ತಿಗೆಲ್ಲ ಒಂದೇ. ಮೊದಲು ಸರಿಯಾಗಿ ಪ್ರಕಟವಾದ ಹೆಸರಿಗೆ ಹಕ್ಕು, ಲೆಕ್ಕ ಶುರುವಾಗುವುದು ಲಿನೇಯಸ್‌ನ 1753ರ ಪುಸ್ತಕದಿಂದ. 1958ರಿಂದ ಟೈಪ್ ಸೂಚಿಸದ ಹೆಸರು ಸಲ್ಲುವುದಿಲ್ಲ. 1990ರಿಂದ ‘ಹೋಲೋಟೈಪ್’ (ಹೆಸರಿಟ್ಟವರು ಆರಿಸಿದ ಒಂದೇ ಟೈಪ್ ಮಾದರಿ) ಅಥವಾ ‘ಟೈಪ್’ ಎಂಬ ಮಾತು ಮತ್ತು ಅದಿರುವ ಹರ್ಬೇರಿಯಂ ಹೆಸರನ್ನು ಬರೆಯಲೇಬೇಕು. 1935ರಿಂದ 2011ರವರೆಗೆ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್. ಕನ್ನಡದಲ್ಲಷ್ಟೇ ಬರೆದರೆ ಹೆಸರು ಊರ್ಜಿತವಾಗದು. ಆದರೆ ಇಂಗ್ಲಿಷಿನ ಜೊತೆಗೆ ಕನ್ನಡದ ಸಾರಾಂಶ ಸೇರಿಸಲು ಯಾವ ಅಡ್ಡಿಯೂ ಇಲ್ಲ, ಆ ಮರದ ನೆರೆಯವರು ಓದಬಹುದಾದ ಭಾಷೆ ಅದೇ ಆದ್ದರಿಂದ ಸೇರಿಸಲೇಬೇಕು. ಜಾಲದಲ್ಲಷ್ಟೇ ಬರುವ ಪತ್ರಿಕೆಯಾದರೆ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ (ಪತ್ರಿಕೆಗೆ, ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಇರುವ ಪಿಡಿಎಫ್ ಆಗಿರಬೇಕು. ದಿನಪತ್ರಿಕೆಯ ಸುದ್ದಿ, ಫೇಸ್‌ಬುಕ್ ಬರಹ ಲೆಕ್ಕಕ್ಕಿಲ್ಲ. ಪ್ರಕಟವಾಗುವ ಮುಂಚೆ ಹೆಸರನ್ನು ಸುದ್ದಿಗೆ ಕೊಡಬೇಡಿ. ಅಂಥ ಹೆಸರಿಗೆ ಯಾವ ಸ್ಥಾನವೂ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಪ್ರಬಂಧದಲ್ಲಿ ಇರಬೇಕಾದ ಪ್ರಾಣ ಎಂದರೆ ಡಯಾಗ್ನೋಸಿಸ್, ಅಂದರೆ ಹತ್ತಿರದ ಪ್ರಭೇದದಿಂದ ಇದು ಯಾವ ಯಾವ ಲಕ್ಷಣದಲ್ಲಿ ಬೇರೆ ಎಂದು ಹೇಳುವ ಎರಡು ಮೂರು ವಾಕ್ಯ. ಅದನ್ನು ಬರೆಯಲು ಒದ್ದಾಡುವಂತಾದರೆ ಹೊಸ ಪ್ರಭೇದ ಇಲ್ಲವೆಂದೇ ಬಹುಪಾಲು ಅರ್ಥ. ಅದರ ಹಿಂದೆ ಪೂರ್ಣ ವಿವರಣೆ, ರೇಖಾಚಿತ್ರ, ಕುಲದ ಉಳಿದ ಪ್ರಭೇದಗಳೊಂದಿಗೆ ಗುರುತಿನ ಕೀಲಿ, ನೋಡಿದ ಮಾದರಿಗಳ ಪಟ್ಟಿ. ಹೋಲೋಟೈಪ್ ಸರ್ವೇಕ್ಷಣ ಸಂಸ್ಥೆಗೆ, ಜೊತೆಯ ತುಂಡುಗಳು ಬೆಂಗಳೂರು, ಪುಣೆ ಮತ್ತು ಹತ್ತಿರದ ಕಾಲೇಜಿಗೆ. ಒಂದೇ ಕಡೆ ಇಟ್ಟು ಬೆಂಕಿಯೋ ಗೆದ್ದಲೋ ಬಂದರೆ ಎಲ್ಲ ಹೋಗುತ್ತದೆ. ಹೆಸರಿನ ವಿಷಯದಲ್ಲಿ, ತಮ್ಮ ಹೆಸರನ್ನು ತಾವೇ ಇಡುವುದು ನಿಷಿದ್ಧವಲ್ಲದಿದ್ದರೂ ಯಾರೂ ಮಾಡುವುದಿಲ್ಲ. 2022ರಲ್ಲಿ ಕ್ಯಾಮರೂನಿನ ಎಬೊ ಕಾಡಿನ ಸಣ್ಣ ಮರಕ್ಕೆ, ಆ ಕಾಡು ಕಡಿಯುವುದರ ವಿರುದ್ಧ ದನಿಯೆತ್ತಿದ ನಟ ಡಿಕಾಪ್ರಿಯೊ ಹೆಸರಿಟ್ಟರು, ಕಾಡಿಗೆ ಅದರಿಂದ ಗಮನ ಸಿಕ್ಕಿತು. ಆದರೂ ಊರಿನ, ಹಳ್ಳದ, ಕಾನಿನ ಹೆಸರೇ ಹೆಚ್ಚು ಚೆನ್ನ. ಮುಂದೆ ಮರ ಹುಡುಕುವವರಿಗೆ ಅದು ದಾರಿಯನ್ನೂ ಹೇಳುತ್ತದೆ.

ಅದೇ ಪ್ರಬಂಧದಲ್ಲಿ ಮರಗಳ ಎಣಿಕೆಯೂ ಇರಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳತೆಯಲ್ಲಿ ಬಲಿತ ಮರಗಳು 50ಕ್ಕಿಂತ ಕಡಿಮೆ ಇದ್ದರೆ ಅಷ್ಟರಿಂದಲೇ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದ. ಹರಡಿದ ಜಾಗವನ್ನು ಎರಡು ಕಿಲೊಮೀಟರ್ ಬದಿಯ ಚೌಕಗಳಲ್ಲಿ ಲೆಕ್ಕ ಹಾಕುತ್ತಾರೆ. ನಿಮ್ಮ ಮೂರೂ ಮರ ಒಂದೇ ಚೌಕಕ್ಕೆ ಬೀಳಬಹುದು. ಆದರೆ ಹುಡುಕದೆ ‘ಮೂರೇ ಇವೆ’ ಎಂದು ಬರೆಯುವುದು ಸರಿಯಲ್ಲ. ಸುತ್ತಲಿನ ಎಲ್ಲ ಜಡ್ಡಿ, ಹಳ್ಳಗಳನ್ನು ಮೊದಲು ನಡೆದು ನೋಡಬೇಕು, ಸಿಗದ ಜಾಗಗಳನ್ನೂ ಪಟ್ಟಿ ಮಾಡಬೇಕು.

ಜೌಗಿನ ಮರಗಳಿಗೆ ಕೊಡಲಿಗಿಂತ ಮೊದಲು ಬರುವ ಅಪಾಯ ನೀರು ತಿರುಗಿಸುವುದು. ಮೇಲ್ಭಾಗದಲ್ಲಿ ತೋಟಕ್ಕೆಂದು ಹಳ್ಳ ತಿರುಗಿಸಿದರೆ, ಬಸಿಗಾಲುವೆ ತೋಡಿದರೆ, ದೊಡ್ಡ ಮರಗಳು ಕೆಲವು ವರ್ಷ ಹಾಗೆಯೇ ನಿಂತಿರುತ್ತವೆ, ಕೆಳಗೆ ಸಸಿ ಏಳುವುದು ನಿಲ್ಲುತ್ತದೆ. ಆದ್ದರಿಂದ ಈ ವಾರ ಹೋದಾಗ ಎಳೆ ಎಲೆಯ ತೊಟ್ಟು ನೋಡಿದ ಮೇಲೆ, ಪ್ರತಿ ಮರದ ಬುಡದಿಂದ ಸುತ್ತಲೂ ಹತ್ತು ಮೀಟರ್ ದೂರದೊಳಗೆ ಅದೇ ಜಾತಿಯ ಸಸಿ ಎಷ್ಟಿವೆ, ಮೊಣಕಾಲೆತ್ತರದ್ದು ಎಷ್ಟು, ಆಳೆತ್ತರದ್ದು ಎಷ್ಟು ಎಂದು ಎಣಿಸಿ ದಿನಾಂಕ ಹಾಕಿ ಬರೆಯಿರಿ. ತೊಟ್ಟಿನಲ್ಲಿ ಜೋಡಿ ಕಡ್ಡಿ ಕಂಡರೆ ಅದು ಹೊಳಗೇರಿನ ಕುಲ. ಆಗ ಅದರ ಯಾವ ಪ್ರಭೇದ ಎಂದು ಮೇಲೆ ಹೇಳಿದ ಪುಸ್ತಕಗಳಲ್ಲೇ ಸಿಗುತ್ತದೆ. ಕಾಣದಿದ್ದರೆ ತೊಟ್ಟು, ಎಲೆಯ ಎರಡೂ ಮೈ, ತೊಗಟೆ, ಬುಡ ಇವುಗಳ ಫೋಟೊವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು, ಸಸಿಗಳ ಲೆಕ್ಕದೊಂದಿಗೆ ಶಿರಸಿಯ ಅರಣ್ಯ ಕಾಲೇಜಿಗೆ ಒಯ್ಯಿರಿ. ದೋಟಿ, ಪತ್ರಿಕೆ, ಆಲ್ಕೊಹಾಲ್ ಎಲ್ಲ ಮೊಗ್ಗು ಕಂಡ ಮೇಲೆ.